ಹಳೇ ವಾಲ್ವ್ ರೇಡಿಯೊ: ಪ್ಲಗ್ ಹಾಕುವ ಮೊದಲು ಈ ಒಂದು ಕೆಪಾಸಿಟರ್ ನೋಡಿ

ವರ್ಷಗಟ್ಟಲೆ ಮೂಲೆಯಲ್ಲಿದ್ದ ವಾಲ್ವ್ ರೇಡಿಯೊ ಕೈಗೆ ಸಿಕ್ಕರೆ ಮೊದಲು ಬರುವ ಆಸೆ, ಪ್ಲಗ್ ಹಾಕಿ ನೋಡೋಣ ಅಂತ. ದಯವಿಟ್ಟು ಹಾಕಬೇಡಿ. ನಾನು ಕಲಿಯುವಾಗ ಹಾಗೇ ಮಾಡಿದ್ದೆ. ಒಂದೆರಡು ನಿಮಿಷ ಚೆನ್ನಾಗಿಯೇ ಹಾಡಿತು. ಆಮೇಲೆ ಸ್ಪೀಕರ್ ಓಡಿಸುವ ಔಟ್‌ಪುಟ್ ವಾಲ್ವ್ ಒಳಗಿನ ಪ್ಲೇಟ್ ಕೆಂಪಗಾಯಿತು, ಸುಟ್ಟ ವಾಸನೆ ಬಂತು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಯಿತು. ಕಾರಣ ಒಂದೇ ಒಂದು ಪೇಪರ್ ಕೆಪಾಸಿಟರ್.

ಕೆಲಸಕ್ಕೆ ಕೂರುವ ಮೊದಲು ಇದು ತಿಳಿದಿರಲಿ. ಒಳಗೆ 200ರಿಂದ 300 ವೋಲ್ಟ್ ಡಿಸಿ ಓಡುತ್ತದೆ, ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ನಲ್ಲಿ (ಡಿಸಿಯ ಏರಿಳಿತ ಸಮ ಮಾಡುವ ದೊಡ್ಡ ಕೆಪಾಸಿಟರ್) ಚಾರ್ಜ್ ಉಳಿದಿರಬಹುದು. ಸ್ಕ್ರೂಡ್ರೈವರ್ ಇಟ್ಟು ಶಾರ್ಟ್ ಮಾಡಬೇಡಿ. 10 ಕಿಲೋಓಮ್, 5 ವ್ಯಾಟ್ ರೆಸಿಸ್ಟರ್‌ಗೆ ಇನ್ಸುಲೇಷನ್ ಇರುವ ಕ್ಲಿಪ್ ಹಾಕಿ ಅದರ ಮೂಲಕ ಇಳಿಸಿ, ಮೀಟರ್ ಸೊನ್ನೆ ತೋರಿಸಿದ ಮೇಲೆ ಕೈ ಹಾಕಿ. ಯುಸಿಎಚ್81, ಯುಎಲ್84, ಯುವೈ85 ಥರದ ವಾಲ್ವ್‌ಗಳಿದ್ದರೆ ಅದು ಪವರ್ ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ/ಡಿಸಿ ಸೆಟ್ ಇರಬಹುದು, ಅಂಥದರಲ್ಲಿ ಚಾಸಿಗೇ (ಭಾಗಗಳನ್ನು ಕೂರಿಸಿದ ಲೋಹದ ತಟ್ಟೆಗೆ) ಮೇನ್ಸ್ ಕರೆಂಟ್ ನೇರವಾಗಿ ಬರಬಹುದು. ಸೆಟ್ಟನ್ನು ಮೇನ್ಸ್‌ನಿಂದ ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅದನ್ನು ಮುಟ್ಟಬೇಡಿ.

ಈಗ ಆ ಕೆಪಾಸಿಟರ್. ಔಟ್‌ಪುಟ್ ವಾಲ್ವ್‌ನ ಗ್ರಿಡ್‌ಗೆ, ಅಂದರೆ ವಾಲ್ವ್‌ನ ಕರೆಂಟನ್ನು ಹತೋಟಿಯಲ್ಲಿಡುವ ಕಾಲಿಗೆ (ಇಎಲ್84 ಆದರೆ 2ನೇ ಪಿನ್), ಹಿಂದಿನ ಹಂತದ ಪ್ಲೇಟ್‌ನಿಂದ ಬರುವ ಕಪ್ಲಿಂಗ್ ಕೆಪಾಸಿಟರ್ ಅದು. ಮೇಣ ಬಳಿದ ಪುಟ್ಟ ಕೊಳವೆ, ತುದಿಯಲ್ಲಿ ಮೇಣ ಕರಗಿ ಹನಿಯಾಗಿ ಗಟ್ಟಿಯಾಗಿರುತ್ತದೆ. ಇದರ ಕೆಲಸ ಡಿಸಿಯನ್ನು ತಡೆದು ಧ್ವನಿಯನ್ನು ಮಾತ್ರ ಬಿಡುವುದು. ಹಳತಾದಂತೆ ಅದರ ಮೂಲಕ ಡಿಸಿ ಸ್ವಲ್ಪ ಸ್ವಲ್ಪ ಸೋರುತ್ತದೆ, ಗ್ರಿಡ್ ಪಾಸಿಟಿವ್ ಆಗುತ್ತದೆ, ವಾಲ್ವ್ ಮಿತಿಮೀರಿ ಕರೆಂಟ್ ಎಳೆಯುತ್ತದೆ. ಸುಮ್ನೆ ಬದಲಾಯಿಸಿಬಿಡಿ. ಅದೇ ಮೌಲ್ಯದ 630 ವೋಲ್ಟ್ ಫಿಲ್ಮ್ ಕೆಪಾಸಿಟರ್ ಸಾಕು, 0.02 ಇದ್ದ ಕಡೆ 0.022 ಮೈಕ್ರೋಫ್ಯಾರಡ್ ನಡೆಯುತ್ತದೆ. ಬದಲಾಯಿಸಿದ ಮೇಲೂ ಗ್ರಿಡ್‌ನಲ್ಲಿ ಪಾಸಿಟಿವ್ ವೋಲ್ಟೇಜ್ ಕಂಡರೆ ವಾಲ್ವ್ ಒಳಗೆ ಗ್ಯಾಸ್ ಸೇರಿದೆ ಅಂತ ಅನುಮಾನಪಡಬೇಕು.

ಮೊದಲ ಸಲ ಕರೆಂಟ್ ಕೊಡುವಾಗ ಸೀರೀಸ್‌ನಲ್ಲಿ 60 ಅಥವಾ 100 ವ್ಯಾಟ್‌ನ ಹಳೇ ತಂತಿ ಬಲ್ಬ್ ಹಾಕಿ, ಎಲ್‌ಇಡಿ ಆಗುವುದಿಲ್ಲ. ಬಲ್ಬ್ ಮಿನುಗಿ ಮಂಕಾದರೆ ಸರಿ, ಪೂರ್ತಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ, ತಕ್ಷಣ ಆಫ್ ಮಾಡಿ.

ಜೋರಾಗಿ ಗುಂಯ್ ಅನ್ನುತ್ತಿದ್ದರೆ ಬಹುತೇಕ ಫಿಲ್ಟರ್ ಕೆಪಾಸಿಟರ್ ಒಣಗಿದೆ. ಹೊಸದು ಹಾಕುವಾಗ ಜಾಸ್ತಿ ಮೌಲ್ಯದ್ದು ಹಾಕೋಣ ಅನ್ನಿಸುತ್ತದೆ, ಅಲ್ವಾ? ಬೇಡ. ಎಸಿಯನ್ನು ಡಿಸಿ ಮಾಡುವ ಇಝಡ್80 ರೆಕ್ಟಿಫೈಯರ್ ವಾಲ್ವ್‌ಗೆ ಮೊದಲ ಕೆಪಾಸಿಟರ್ 50 ಮೈಕ್ರೋಫ್ಯಾರಡ್ ದಾಟಬಾರದು, ದಾಟಿದರೆ ಆ ವಾಲ್ವ್‌ನ ಆಯಸ್ಸೇ ಕಮ್ಮಿಯಾಗುತ್ತದೆ. ಇನ್ನೊಂದು ಮಾತು, ನೆಗೆಟಿವ್ ತುದಿ ಹಳೆಯದು ಎಲ್ಲಿತ್ತೋ ಅಲ್ಲಿಗೇ ಹೋಗಲಿ. ಕೆಲವು ಸೆಟ್‌ಗಳಲ್ಲಿ ಅದು ಚಾಸಿಗೆ ಬರುವುದಿಲ್ಲ.

ವಾಲ್ವ್ ಉರಿಯುತ್ತಿದೆ, ಸ್ಟೇಷನ್ ಮಾತ್ರ ಬರುತ್ತಿಲ್ಲ ಅಂದರೆ, ಒಂದು ಕೈ ಜೇಬಿನಲ್ಲಿಟ್ಟುಕೊಂಡು, ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರ್ ತುದಿಯನ್ನು ವಾಲ್ಯೂಮ್ ಕಂಟ್ರೋಲ್‌ನ ನಡುವಿನ ಕಾಲಿಗೆ ತಾಗಿಸಿ. ವಾಲ್ಯೂಮ್ ಜಾಸ್ತಿ ಇಟ್ಟಾಗ ಸ್ಪೀಕರ್‌ನಲ್ಲಿ ಗುರ್ ಅಂದರೆ ಧ್ವನಿಯ ಭಾಗ ಸರಿ, ತೊಂದರೆ ಅದಕ್ಕಿಂತ ಮೊದಲಿನ ಹಂತಗಳಲ್ಲಿ ಇದೆ. ಆಗ ಆಸಿಲೇಟರ್ (ಸ್ಟೇಷನ್ ಹಿಡಿಯಲು ಬೇಕಾದ ಸಿಗ್ನಲ್ಲನ್ನು ರೇಡಿಯೊ ಒಳಗೇ ಹುಟ್ಟಿಸುವ ಭಾಗ) ಓಡುತ್ತಿದೆಯಾ ನೋಡಬೇಕು. ಇದಕ್ಕೆ ನನಗೆ ತುಂಬಾ ಇಷ್ಟವಾದ ದಾರಿ ಇದೆ. ಪಕ್ಕದಲ್ಲಿ ಸಣ್ಣ ಎಎಂ ಟ್ರಾನ್ಸಿಸ್ಟರ್ ರೇಡಿಯೊ ಇಟ್ಟು 1000 ಕಿಲೋಹರ್ಟ್ಸ್‌ಗಿಂತ ಮೇಲಿನ ಒಂದು ಸ್ಟೇಷನ್ ಹಿಡಿಯಿರಿ, 1200 ಅಂತ ಇಟ್ಟುಕೊಳ್ಳಿ. ಹಳೇ ರೇಡಿಯೊದ ಮುಳ್ಳನ್ನು 745ರ ಆಸುಪಾಸಿನಲ್ಲಿ ನಿಧಾನಕ್ಕೆ ತಿರುಗಿಸಿ, ಯಾಕಂದರೆ ಆಸಿಲೇಟರ್ ಸಾಮಾನ್ಯವಾಗಿ ಮುಳ್ಳು ತೋರಿಸುವುದಕ್ಕಿಂತ 455 ಕಿಲೋಹರ್ಟ್ಸ್ ಹೆಚ್ಚಿಗೆ ಓಡುತ್ತದೆ. ಟ್ರಾನ್ಸಿಸ್ಟರ್‌ನಲ್ಲಿ ಕುಯ್ಯ್ ಅಂತ ಶಿಳ್ಳೆ ಬಂದರೆ ಆಸಿಲೇಟರ್ ಜೀವಂತ ಇದೆ. ಬರದಿದ್ದರೆ ಆಸಿಲೇಟರ್ ಕೆಲಸ ಮಾಡುವ ಇಸಿಎಚ್81 ವಾಲ್ವ್, ಅದರ ಸುತ್ತಲಿನ ರೆಸಿಸ್ಟರ್‌ಗಳು, ಕೊಳೆ ಹಿಡಿದ ಬ್ಯಾಂಡ್ ಸ್ವಿಚ್ ನೋಡಿ. ಹಳೇ ಕಾರ್ಬನ್ ರೆಸಿಸ್ಟರ್‌ಗಳ ಓಮ್ ಏರಿರುತ್ತದೆ, ಒಂದು ಕಾಲು ಬಿಚ್ಚಿ ಅಳೆಯಿರಿ.

ವಾಲ್ವ್ ಕೊಳ್ಳಲು ಅವಸರ ಮಾಡಬೇಡಿ. ಗಾಜಿನ ಒಳಗಿನ ಬೆಳ್ಳಿ ಬಣ್ಣದ ಕಲೆ ಹಾಲಿನ ಹಾಗೆ ಬಿಳಿಯಾಗಿದ್ದರೆ ಗಾಳಿ ಹೊಕ್ಕಿದೆ, ಅದು ಮುಗಿಯಿತು. ಹಾಗಿಲ್ಲದಿದ್ದರೆ ವಾಲ್ವನ್ನು ಕೊನೆಗೆ ನೋಡಿದರಾಯಿತು. ಮತ್ತೆ, ಐಎಫ್ ಟ್ರಾನ್ಸ್‌ಫಾರ್ಮರ್ (ಆ 455 ಕಿಲೋಹರ್ಟ್ಸ್‌ಗೆ ಟ್ಯೂನ್ ಆದ ಸುರುಳಿ) ಡಬ್ಬಿಗಳ ಮೇಲಿನ ತಿರುಪನ್ನು ಸಿಗ್ನಲ್ ಜನರೇಟರ್ ಇಲ್ಲದೆ ಮುಟ್ಟಬೇಡಿ.