ಸೋಲಾರ್ ಪ್ಯಾನೆಲ್ ಗ್ರಾಫ್ ಬಾಗುತ್ತಲೇ ಇರಲಿಲ್ಲ

ಸೋಲಾರ್ ಪ್ಯಾನೆಲ್ಲಿನ ವೋಲ್ಟೇಜ್-ಕರೆಂಟ್ ಗ್ರಾಫ್ ಬಿಡಿಸುವ ಕೋಡ್ ಬರೆಯುತ್ತಾ ಎರಡು ದಿನ ತಲೆ ಕೆಡಿಸಿಕೊಂಡೆ. 60 ಸೆಲ್ಲಿನ ಪ್ಯಾನೆಲ್, ಡೇಟಾಶೀಟಿನಲ್ಲಿ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಏನೂ ಜೋಡಿಸದಿದ್ದಾಗಿನದು) 38 ವೋಲ್ಟ್, ಶಾರ್ಟ್ ಸರ್ಕ್ಯೂಟ್ ಕರೆಂಟ್ (ಎರಡೂ ತುದಿ ನೇರ ಸೇರಿಸಿದಾಗಿನದು) 9 ಆಂಪಿಯರ್. ಸಿಂಗಲ್ ಡಯೋಡ್ ಮಾಡೆಲ್‌ಗೆ (ಪ್ಯಾನೆಲನ್ನು ಒಂದು ಕರೆಂಟ್ ಮೂಲ, ಒಂದು ಡಯೋಡ್ ಅಂತ ಲೆಕ್ಕ ಹಾಕುವ ಸಮೀಕರಣ) ಹಾಕಿದರೆ ವೋಲ್ಟೇಜ್ ಏರಿದರೂ ಕರೆಂಟ್ ಕೆಳಗೆ ಇಳಿಯುವುದೇ ಇಲ್ಲ, ಸುಮ್ನೆ ನೇರ ಗೆರೆ! ಡಯೋಡಿನ ಸ್ಯಾಚುರೇಶನ್ ಕರೆಂಟ್ (ಉಲ್ಟಾ ದಿಕ್ಕಿನಲ್ಲಿ ಸೋರುವ ಅತಿ ಸಣ್ಣ ಕರೆಂಟ್) ಪ್ರಿಂಟ್ ಮಾಡಿ ನೋಡಿದೆ, ಸೊನ್ನೆ.

ತಪ್ಪು ನನ್ನದೇ. ಐಡಿಯಾಲಿಟಿ ಫ್ಯಾಕ್ಟರ್ (ಡಯೋಡ್ ಆದರ್ಶಕ್ಕೆ ಎಷ್ಟು ಹತ್ತಿರ ಅನ್ನುವ ಸಂಖ್ಯೆ) 1.1 ಅನ್ನು ಥರ್ಮಲ್ ವೋಲ್ಟೇಜ್ (ತಾಪಮಾನದಿಂದ ಬರುವ ಬೆಲೆ) 0.0257 ವೋಲ್ಟ್‌ನಿಂದ ಗುಣಿಸಿ ಅಲ್ಲಿಗೇ ಬಿಟ್ಟಿದ್ದೆ. ಅದು ಒಂದೇ ಸೆಲ್ಲಿನ ಲೆಕ್ಕ, ಆದರೆ 38 ವೋಲ್ಟ್ ಸರಣಿಯಲ್ಲಿರುವ 60 ಸೆಲ್ಲುಗಳದ್ದು ಅಲ್ವಾ, ಹಾಗಾಗಿ ಎಕ್ಸ್‌ಪೊನೆನ್ಶಿಯಲ್ ಮಿತಿ ಮೀರಿ ಇನ್ಫಿನಿಟಿ ಆಗಿತ್ತು, 9 ಆಂಪಿಯರನ್ನು ಅದರಿಂದ ಭಾಗಿಸಿದರೆ ಸೊನ್ನೆ. 60ರಿಂದ ಗುಣಿಸಿದ ಮೇಲೆ ಬೆಲೆ ಸುಮಾರು 1.7 ವೋಲ್ಟ್ ಆಯಿತು, ಸ್ಯಾಚುರೇಶನ್ ಕರೆಂಟ್ 1.7 ನ್ಯಾನೋ ಆಂಪಿಯರ್ ಆಸುಪಾಸಿಗೆ ಬಂತು, ಗ್ರಾಫ್ ಚೆನ್ನಾಗಿ ಬಾಗಿತು.

ಇನ್ನೊಂದು ಎಡವಟ್ಟು: ಡೇಟಾಶೀಟಿನಲ್ಲಿ ಶಾರ್ಟ್ ಸರ್ಕ್ಯೂಟ್ ಕರೆಂಟಿನ ತಾಪಮಾನದ ಗುಣಾಂಕ (ಪ್ರತಿ ಡಿಗ್ರಿಗೆ ಆಗುವ ಬದಲಾವಣೆ) ಡಿಗ್ರಿಗೆ 0.05 ಶೇಕಡಾ ಅಂತಿತ್ತು, ಕೋಡ್ ಕೇಳುವುದು ಆಂಪಿಯರ್‌ನಲ್ಲಿ, ಅಂದರೆ 9ರ 0.05 ಶೇಕಡಾ, 0.0045.