ಸ್ಪ್ಯಾನಿಷ್, ಇಟಾಲಿಯನ್, ಫ್ರೆಂಚ್ ಕ್ರಿಯಾಪದ: ಕನ್ನಡದಿಂದಲೇ ಶುರು ಮಾಡಿ

ದಾವಣಗೆರೆಯಲ್ಲಿ ಕೂತು ಮೊಬೈಲಲ್ಲಿ ಸ್ಪ್ಯಾನಿಷ್ ಕಲಿಯೋರು ಮೊದಲ ದಿನವೇ ರೂಪಗಳ ಪಟ್ಟಿ ಬಾಯಿಪಾಠ ಮಾಡೋಕೆ ಹೋಗಬೇಡಿ. ಕನ್ನಡ ಬಂದರೆ ಅರ್ಧ ಕೆಲಸ ಮುಗಿದಿದೆ. ನಾವು ‘ಮಾತಾಡ್ತೀನಿ’ ಅಂದರೆ ‘ನಾನು’ ಬೇಕಿಲ್ಲ ಅಲ್ವಾ? ಸ್ಪ್ಯಾನಿಷ್‌ನ ‘ಆಬ್ಲೊ’, ಇಟಾಲಿಯನ್‌ನ ‘ಪಾರ್ಲೊ’ ಕೂಡ ಹಾಗೇ, ಕೊನೆಯ ‘ಒ’ ಕೇಳಿದರೇ ಯಾರು ಅಂತ ಗೊತ್ತಾಗುತ್ತೆ. ಫ್ರೆಂಚ್‌ನಲ್ಲಿ ಈ ಅನುಕೂಲ ಇಲ್ಲ. ನಾನು, ನೀನು, ಅವನು, ಅವರು ಎಲ್ಲದಕ್ಕೂ ಕಿವಿಗೆ ಬೀಳೋದು ‘ಪಾರ್ಲ್’ ಒಂದೇ, ಹಾಗಾಗಿ ಅಲ್ಲಿ ಸರ್ವನಾಮ ಬಿಡೋ ಹಾಗಿಲ್ಲ.

ಜಾಸ್ತಿ ಜನ ಎಡವೋದು ಭೂತಕಾಲದಲ್ಲಿ. ‘ಚಿಕ್ಕವರಿದ್ದಾಗ ಪ್ರತಿ ಭಾನುವಾರ ಬೆಣ್ಣೆ ದೋಸೆ ತಿಂತಿದ್ದೆ’ ಅನ್ನೋ ‘ತಿಂತಿದ್ದೆ’ಗೆ ಸ್ಪ್ಯಾನಿಷ್‌ನಲ್ಲಿ ‘ಕೊಮಿಯಾ’, ‘ನಿನ್ನೆ ತಿಂದೆ’ ಅನ್ನೋದಕ್ಕೆ ‘ಕೊಮಿ’. ‘ತಿದ್ದೆ’ ಬಂದ ಕಡೆ ಮೊದಲನೆಯದು ಹಾಕಿ, ಬಹುತೇಕ ಸರಿಹೋಗುತ್ತೆ. ಆದರೆ ‘ಅಲ್ಲೊಂದು ಹೋಟೆಲ್ ಇತ್ತು’ ಅಂತ ಆಗಿನ ಸ್ಥಿತಿ ವರ್ಣಿಸುವಾಗಲೂ ಅದೇ ರೂಪ ಬರುತ್ತೆ, ಇದನ್ನ ನೆನಪಿಡಿ. ನನ್ನ ಪ್ರಕಾರ ಈ ‘ಕೊಮಿಯಾ’ ಥರದ ರೂಪವನ್ನೇ ಮೊದಲು ಕಲೀಬೇಕು, ಯಾಕಂದರೆ ಸ್ಪ್ಯಾನಿಷ್‌ನಲ್ಲಿ ಇದರ ನಿಯಮ ಮೀರೋದು ಬರೀ 3 ಕ್ರಿಯಾಪದ: ಸೇರ್ (ಇರು), ಈರ್ (ಹೋಗು), ಬೇರ್ (ನೋಡು). ಫ್ರೆಂಚ್ ಮಾತಲ್ಲಿ ‘ತಿಂದೆ’ಗೆ ಒಂಟಿ ಪದ ಇಲ್ಲ. ‘ಅವ್ವಾರ್’ ಅನ್ನೋ ಸಹಾಯಕ ಕ್ರಿಯಾಪದ ಸೇರಿಸಿ ‘ಜೆ ಮಾಂಜೆ’ ಅಂತಾರೆ.

ಭವಿಷ್ಯತ್ ಕಾಲಕ್ಕೆ ಸುಮ್ನೆ ತಲೆ ಕೆಡಿಸ್ಕೋಬೇಡಿ. ಸ್ಪ್ಯಾನಿಷ್‌ನಲ್ಲಿ ‘ಆರ್’, ‘ಎರ್’, ‘ಇರ್’ ಅಂತ ಕೊನೆಯಾಗೋ ಕ್ರಿಯಾಪದದ ಮೂರು ಗುಂಪಿಗೂ ಪ್ರತ್ಯಯ ಒಂದೇ. ಅದೂ ಬೇಡ ಅಂದರೆ ‘ಬೋಯ್ ಆ ಕೊಮೆರ್’ (ತಿನ್ನೋಕೆ ಹೋಗ್ತಿದೀನಿ, ಅಂದರೆ ತಿಂತೀನಿ) ಅನ್ನಿ, ಮಾತಿಗೆ ಅಷ್ಟು ಸಾಕು.