ಹಲ್ಲಿನ ಕೊನೆಯ ಗೆರೆ: ಮರುಭೂಮಿ ನೆಲೆಯ ಋತು ಓದುವ ಕೆಲಸ

ಮರುಭೂಮಿಯ ಪ್ರಾಗೈತಿಹಾಸಿಕ ನೆಲೆಯಲ್ಲಿ ಜನ ವರ್ಷವಿಡೀ ಇದ್ದರೋ, ಹಂಗಾಮಿಗಷ್ಟೇ ಬಂದು ಹೋದರೋ ಎಂದು ತಿಳಿಯಲು ನಾನು ಮೊದಲು ಕೈಗೆತ್ತಿಕೊಳ್ಳುವುದು ಗಸೆಲ್ ಹುಲ್ಲೆಯ ಹಲ್ಲನ್ನು. ಜೋರ್ಡಾನಿನ ಅಜ್ರಕ್ ತಗ್ಗಿನ ಖರಾನೆ-4 ಇದಕ್ಕೆ ಹೇಳಿ ಮಾಡಿಸಿದಂಥ ನೆಲೆ. ಸುಮಾರು 20,000 ವರ್ಷ ಹಳೆಯದು, ಎರಡು ಹೆಕ್ಟೇರಿನಷ್ಟು ಹರವು, ಸುಟ್ಟ ಗುಡಿಸಲುಗಳ ನೆಲ, ಮೆಡಿಟರೇನಿಯನ್ ಮತ್ತು ಕೆಂಪು ಸಮುದ್ರದ ಚಿಪ್ಪುಗಳು. ಮೂಳೆಗಳಲ್ಲಿ ಬಹುಪಾಲು ಗಸೆಲ್‌ನವೇ. ಆದರೆ ಗುಡಿಸಲು ಸಿಕ್ಕಿತೆಂದು ಕಾಯಂ ವಾಸ ಎನ್ನಲಾಗದು.

ಹಲ್ಲಿನ ಬೇರಿನ ಮೇಲೆ ಸಿಮೆಂಟಮ್ ಎಂಬ ಪದರ ಪ್ರಾಣಿ ಬದುಕಿರುವಷ್ಟು ದಿನವೂ ಕೂಡುತ್ತಲೇ ಇರುತ್ತದೆ. ಬೆಳವಣಿಗೆಯ ತಿಂಗಳುಗಳಲ್ಲಿ ಅಗಲ ಪಟ್ಟಿ, ಅದು ಕುಂದಿದಾಗ ಕಿರಿದಾದ ಗೆರೆ. ವಯಸ್ಸು ಎಣಿಸಲು ಎಲ್ಲವೂ ಬೇಕು. ಪ್ರಾಣಿ ಸತ್ತ ಋತುವಿಗೆ, ಅಂದರೆ ಬೇಟೆಯಾಡಿದವರು ಅಲ್ಲಿದ್ದ ಋತುವಿಗೆ, ತೀರಾ ಹೊರಗಿನದೊಂದೇ ಸಾಕು. ಮಣ್ಣಿನಲ್ಲಿ ಮೊದಲು ಹಾಳಾಗುವುದೂ ಅದೇ.

ಹಾಗಾಗಿ ಬಿಡಿ ಹಲ್ಲಿಗಿಂತ ದವಡೆಯ ಗೂಡಿನಲ್ಲೇ ಕೂತ ಹಲ್ಲು ಮೇಲು. ಒಂದೇ ಪ್ರಾಣಿಯನ್ನು ಎರಡು ಸಲ ಎಣಿಸದಿರಲು ಒಂದೇ ಬದಿಯ, ಒಂದೇ ಸ್ಥಾನದ ಹಲ್ಲನ್ನು ಆರಿಸುತ್ತೇನೆ. ಸುಟ್ಟದ್ದನ್ನು ಬಿಡುತ್ತೇನೆ. ನೀರಲ್ಲಿ ನೆನೆಹಾಕುವುದಿಲ್ಲ: ಒಳಗಿನ ಉಪ್ಪು ಕರಗಿ, ಒಣಗುವಾಗ ಮತ್ತೆ ಹರಳುಗಟ್ಟಿ ಸಿಮೆಂಟಮನ್ನು ಎಬ್ಬಿಸಿಬಿಡುತ್ತದೆ. ಎಥನಾಲ್ ಸೋಕಿಸಿದ ಹತ್ತಿಯಿಂದ ಒರೆಸಿದರೆ ಸಾಕು. ಕತ್ತರಿಸಿದ ಹಲ್ಲು ಮತ್ತೆ ಬಾರದು. ಫೋಟೊ, ಅಳತೆ, ಸಿಲಿಕೋನ್ ಅಚ್ಚು, ಐಸೊಟೋಪ್ ಎಂಬ ರಾಸಾಯನಿಕ ಪರೀಕ್ಷೆಗೆ ಮಾದರಿ ಎಲ್ಲ ಮೊದಲೇ ಮುಗಿದಿರಬೇಕು.

ಆಮೇಲೆ ಎಪಾಕ್ಸಿ, ಅಂದರೆ ಹುಯ್ದ ಮೇಲೆ ಗಟ್ಟಿಯಾಗುವ ರಾಳ. ಒಣಗಿದ ಬೇರಿನ ತೂತುಗಳಲ್ಲಿ ಗಾಳಿ ಇರುವುದರಿಂದ ನಿರ್ವಾತದಲ್ಲೇ ಹುಯ್ಯಬೇಕು. 24 ಗಂಟೆ ಬಿಟ್ಟು, ನಿಧಾನಗತಿಯ ವಜ್ರದ ಗರಗಸದಿಂದ ಕೆನ್ನೆಯ ಕಡೆಯಿಂದ ನಾಲಿಗೆಯ ಕಡೆಗೆ ಉದ್ದುದ್ದ ಸೀಳುತ್ತೇನೆ. ಸೀಳಿದ ಮುಖವನ್ನು 400, 800, 1200ರ ಉಜ್ಜುಕಾಗದದಲ್ಲಿ ತೀಡಿ ಗಾಜಿಗೆ ಅಂಟಿಸಿ, ಇನ್ನೊಂದು ಮುಖವನ್ನು 100 ಮೈಕ್ರಾನ್ ಆಸುಪಾಸಿಗೆ ಇಳಿಸುತ್ತೇನೆ. ದಪ್ಪ ಉಳಿದರೆ ಗೆರೆಗಳು ಒಂದರ ಮೇಲೊಂದು ಬೀಳುತ್ತವೆ. ತೀರಾ ತೆಳುವಾದರೆ ನೆರಳು-ಬೆಳಕಿನ ವ್ಯತ್ಯಾಸವೇ ಮಾಯ. ಕೊನೆಯ ಹಂತದಲ್ಲಿ ನಾಲ್ಕು ಸಲ ಉಜ್ಜಿ ಒಮ್ಮೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಡುವುದೇ ಮೈಕ್ರೊಮೀಟರಿಗಿಂತ ನಂಬಿಕೆಯ ಅಳತೆ.

ನೋಡಬೇಕಾದ್ದು ಎನಾಮೆಲ್ ಮುಗಿದ ಕೂಡಲೇ ಬರುವ ಬೇರಿನ ಮೇಲಿನ ಮೂರನೇ ಒಂದು ಭಾಗ. ತುದಿಯ ಸಿಮೆಂಟಮ್ ದಪ್ಪಗಿದ್ದು ಆಸೆ ಹುಟ್ಟಿಸುತ್ತದೆ, ಆದರೆ ಅಲ್ಲಿ ಗೆರೆಗಳು ಅಂಕುಡೊಂಕು. ಧ್ರುವೀಕೃತ ಬೆಳಕಿನಲ್ಲಿ 40 ಪಟ್ಟು ಹಿಗ್ಗಿಸಿ ಶುರುಮಾಡಿ 200ಕ್ಕೆ ಹೋಗುತ್ತೇನೆ. ಪ್ರತಿ ಹಲ್ಲಿನಲ್ಲೂ ಕನಿಷ್ಠ ಮೂರು ಕಡೆ. ನಿಜವಾದ ಗೆರೆ, ಸಿಮೆಂಟಮ್ ಅಡಿಯ ಹಲ್ಲಿನ ಮುಖ್ಯ ಭಾಗವಾದ ಡೆಂಟಿನ್‌ನ ಅಂಚಿಗೆ ಸಮಾನಾಂತರವಾಗಿ ಬಿಡದೆ ಸಾಗುತ್ತದೆ. ಹೊರಅಂಚು ಗೆರೆಗಳನ್ನು ಓರೆಯಾಗಿ ಕಡಿದಿದ್ದರೆ ಪದರ ಸವೆದಿದೆ ಎಂದರ್ಥ, ಆ ಹಲ್ಲು ಲೆಕ್ಕದಿಂದ ಹೊರಗೆ. ಜಿಪ್ಸಮ್ ಹರಳುಗಟ್ಟಿದಲ್ಲಿ ಹೊಸ ಗೆರೆಯಂತೆ ಕಾಣುವ ಹೊಳಪು ಬರುತ್ತದೆ. ಎಣಿಕೆ ಕೆಡುವುದು ಹೆಚ್ಚಾಗಿ ಇಲ್ಲೇ. ಹಲ್ಲು ಯಾವ ಮಣ್ಣಿನ ಪದರದಲ್ಲಿ ಸಿಕ್ಕಿದ್ದೆಂದು ತಿಳಿಯದ ಇನ್ನೊಬ್ಬರಿಂದಲೂ ಓದಿಸುತ್ತೇನೆ.

ಯಾವ ಪಟ್ಟಿ ಯಾವ ಋತುವಿನದು ಎನ್ನಲು, ಸತ್ತ ದಿನಾಂಕ ಗೊತ್ತಿರುವ ಇಂದಿನ ಹಲ್ಲುಗಳು ಬೇಕು, ಅವೂ ಅದೇ ಮಳೆಯ ಸೀಮೆಯವು. ಬಾಗಲಕೋಟೆಯ ಯಡಹಳ್ಳಿಯ ಚಿಂಕಾರ ಅದೇ ಕುಲದ್ದಾದರೂ ಇಲ್ಲಿ ಹೊಂದದು: ನಮ್ಮಲ್ಲಿ ಮುಂಗಾರು, ಅಲ್ಲಿ ಚಳಿಗಾಲದ ಮಳೆ. ಅಲ್ಲಿನ ಇಂದಿನ ಹುಲ್ಲೆಯೂ ಪೂರ್ತಿ ಸರಿಯಾದ ಜೋಡಿಯಲ್ಲ. ಖರಾನೆಯ ಕಾಲಕ್ಕೆ ಆ ತಗ್ಗಿನಲ್ಲಿ ನೀರು, ಹುಲ್ಲು ಹೆಚ್ಚಿತ್ತು.

ಓದಲು ಬರುವ ಹಲ್ಲು ಇಪ್ಪತ್ತಕ್ಕಿಂತ ಕಡಿಮೆಯಿದ್ದರೆ ಶೇಕಡಾವಾರು ಬರೆಯುವುದಿಲ್ಲ. ಒಂದೇ ಮಣ್ಣಿನ ಪದರದಲ್ಲಿ ಎರಡೂ ಋತುಗಳ ಹಲ್ಲು ಸಿಕ್ಕರೂ ವರ್ಷವಿಡೀ ವಾಸ ಎಂದು ಬರೆಯುವುದಿಲ್ಲ. ಹತ್ತು ಸೆಂಟಿಮೀಟರ್ ಮಣ್ಣು ಹಲವು ತಲೆಮಾರುಗಳದ್ದಾಗಿರಬಹುದು: ಒಂದು ವರ್ಷ ಚಳಿಗಾಲಕ್ಕೆ ಬಂದವರು, ಇನ್ನೊಂದು ವರ್ಷ ಬೇಸಿಗೆಗೆ ಬಂದವರು. ಒಣಗಿಸಿದ ಮಾಂಸ ಎಲುಬಿನ ಸಮೇತ ಬೇರೆಡೆಯಿಂದಲೂ ಬಂದಿರಬಹುದು. ಆ ಅನುಮಾನ ಒಂದಿಷ್ಟಾದರೂ ಕರಗುವುದು, ಗುಡಿಸಲಿನ ಒಂದೇ ನೆಲದ ಮೇಲಿನ ಹಲ್ಲುಗಳನ್ನು ಮರಿ ಎಷ್ಟು ತಿಂಗಳಿನದೆಂದು ಹೇಳುವ, ಅದೇ ನೆಲದ ಮರಿಗಳ ಹಾಲುಹಲ್ಲಿನ ಸವೆತದ ಪಕ್ಕದಲ್ಲಿಟ್ಟು ನೋಡಿದಾಗ.